ಬಾಗಿಲ ಕತ್ತಲಿಗೆ ನೂರ ನಲವತ್ತನಾಲ್ಕು ಜನ

ಕಂಪ್ಯೂಟರ್ ಮುಟ್ಟದೆ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದನ್ನು ಕಲಿಸಿದ ಸಂಸ್ಥೆ ಈ ಭೂಮಿಯ ಮೇಲೆ ಬಹುಶಃ ಅದೊಂದೇ. ಕಂಪ್ಯೂಟರ್ ಇರಲಿಲ್ಲ ಅಂತಲ್ಲ. ಇತ್ತು, ಹೊಚ್ಚ ಹೊಸದು, ಗಾಜಿನ ಕೋಣೆಯೊಳಗೆ, ಬಾಗಿಲಿಗೆ ಅಡ್ಡ ಕಟ್ಟಿದ ಕೆಂಪು ರಿಬ್ಬನ್ನಿನ ಆಚೆ. ಅದನ್ನು ಉದ್ಘಾಟಿಸಬೇಕಾಗಿದ್ದ ದೊಡ್ಡ ಮನುಷ್ಯರಿಗೆ ಬಿಡುವಾಗಿರಲಿಲ್ಲ, ಅಷ್ಟೇ. ಒಂದು ಸಲ ಅವರಿಗೆ ಸೊಂಟ ಹಿಡಿದುಕೊಂಡಿತು. ಇನ್ನೊಂದು ಸಲ ಕಾರು ಕೈಕೊಟ್ಟಿತು. ಆಮೇಲೆ ಎಲ್ಲೋ ಒಂದು ಸೇತುವೆ ಉದ್ಘಾಟಿಸಲು ಹೋದವರು ಅಲ್ಲಿಯ ಊಟ ಒಗ್ಗದೆ ಹಾಸಿಗೆ ಹಿಡಿದರು. ಪ್ರಾಂಶುಪಾಲರು ಮಾತ್ರ ದಿನಾ ಬೆಳಿಗ್ಗೆ ರಿಬ್ಬನ್ನಿನ ಧೂಳನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿ, ಬೀಗ ಎಳೆದು ನೋಡಿ, ಸಮಾಧಾನದಿಂದ ಒಳಗೆ ಹೋಗುತ್ತಿದ್ದರು.

ಇಂಥ ಕಡೆ ಬಂದು ಸೇರಿದವಳು ಅಕ್ಕ. ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೋಣೆ ನೋಡಿಕೊಳ್ಳುವವಳು ಅವಳು. ಡ್ರೈವರುಗಳಿಂದ ಹಿಡಿದು ಪ್ರಯಾಣಿಕರ ತನಕ ಎಲ್ಲರ ಬಾಯಲ್ಲೂ ಅಕ್ಕನೇ. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಕಟ್ಟಿಸಿದ ಹಲ್ಲಿನ ಸೆಟ್ಟು, ಯಾರು ಏನು ಮರೆತರೂ ಅವಳ ಕಪಾಟಿಗೇ ಬಂದು ಬೀಳುತ್ತಿತ್ತು. ಹಲ್ಲು ಮರೆತು ಇಳಿದುಹೋಗುವವರು ಊಟಕ್ಕೆ ಏನು ಮಾಡುತ್ತಾರೋ ಅಂತ ಚಿಂತೆ ಮಾಡುವಷ್ಟು ಒಳ್ಳೆಯವಳು. ಜಗಳಕ್ಕೆ ನಿಂತರೆ ಅಷ್ಟೇ ಕೆಟ್ಟವಳು.

ಅವಳ ಜಗಳ ಒಂದೇ, ಅದೂ ತಮ್ಮನ ಜೊತೆ. ವಿಷಯ ಒಂದು ಫೋಟೋ.

ಅಕ್ಕ ಮದುವೆಯಾಗಿದ್ದು ಲಿಫ್ಟ್ ರಿಪೇರಿಯವನನ್ನು. ಅಮ್ಮನಿಗೆ ಅದು ಸುತರಾಂ ಇಷ್ಟವಿರಲಿಲ್ಲ. 'ದಿನವಿಡೀ ಮೇಲೆ ಕೆಳಗೆ ಓಡಾಡಿ ಎಲ್ಲಿಗೂ ಹೋಗದ ಗಂಡು' ಅಂತ ಮೂಗು ಮುರಿದಳು. ನೋಂದಣಿ ಕಚೇರಿಗೆ ತಾನಂತೂ ಕಾಲಿಡುವುದಿಲ್ಲ ಅಂದಳು. ಕಾಲಿಡಲೂ ಇಲ್ಲ, ಅಥವಾ ಹಾಗೆಂದು ಎಲ್ಲರೂ ನಂಬಿದ್ದರು. ಎಷ್ಟೋ ವರ್ಷಗಳ ಮೇಲೆ, ಕೊನೆಯ ಕಾಯಿಲೆಯಲ್ಲಿ ಒರಗಿ ಕೂತು ಬಟಾಣಿ ಸುಲಿಯುತ್ತಿದ್ದಾಗ ಅಮ್ಮ ತಲೆ ಎತ್ತದೆ, 'ನಾನು ಬಂದಿದ್ದೆ ಅವತ್ತು. ಬಾಗಿಲಲ್ಲೇ ನಿಂತಿದ್ದೆ. ನೀನು ಸಹಿ ಹಾಕೋದು ನೋಡ್ಕೊಂಡು ವಾಪಸ್ ಹೋದೆ' ಅಂದಳು. ಅಕ್ಕ ಬಾಯಿ ತೆರೆಯುವ ಮೊದಲೇ ಬಟಾಣಿಯ ಸಿಪ್ಪೆ ಬಿಸಾಡಿ ಬಾ ಅಂತ ಕಳಿಸಿಬಿಟ್ಟಳು. ಆ ಮಾತು ಮತ್ತೆ ಎತ್ತಲು ಬಿಡಲಿಲ್ಲ. ತಿಂಗಳೊಳಗೆ ಹೋಗಿಯೂ ಬಿಟ್ಟಳು.

ಮದುವೆಯ ಫೋಟೋ ಇದ್ದದ್ದು ಒಂದೇ. ಗಂಡನ ಜೊತೆ ಕೆಲಸ ಮಾಡುವವನೊಬ್ಬ ತೆಗೆದದ್ದು. ಮೇಜು, ಸಹಿ ಹಾಕುತ್ತಿರುವ ಅಕ್ಕ, ಆಕಳಿಸುತ್ತಿರುವ ಅಧಿಕಾರಿ, ಹಿಂದೆ ತೆರೆದ ಬಾಗಿಲು. ಫ್ಲಾಶಿನ ಬೆಳಕು ಬಾಗಿಲ ತನಕ ಮುಟ್ಟಿರಲಿಲ್ಲ, ಅಲ್ಲಿ ಬರೀ ಕತ್ತಲು. ಆ ಕತ್ತಲಲ್ಲಿ ಇನ್ನೂ ಕಪ್ಪಾದ ಏನೋ ಒಂದು ಉದ್ದಕ್ಕೆ ನಿಂತಿತ್ತು.

ಅಕ್ಕನಿಗೆ ಅದು ಅಮ್ಮ. ತಮ್ಮನಿಗೆ ಅದು ಗೂಟಕ್ಕೆ ನೇತುಹಾಕಿದ ಕೋಟು.

"ಅವತ್ತೆಲ್ಲ ಅಮ್ಮ ಕೋಣೆ ಬಾಗಿಲು ಹಾಕ್ಕೊಂಡು ಮಲಗಿದ್ದಳು ಕಣೇ. ನಾನೇ ಹೊರಗೆ ಕೂತಿದ್ದೆ" ಅನ್ನುವನು ತಮ್ಮ. ಕನ್ನಡಕದ ಅಂಗಡಿ ಇಟ್ಟವನು. ಊರವರ ಕಣ್ಣು ಪರೀಕ್ಷೆ ಮಾಡಿ ಮಾಡಿ, ತನ್ನ ಕಣ್ಣಿಗೆ ಕಂಡದ್ದೇ ನಿಜ ಅನ್ನುವ ಗತ್ತು ಬಂದುಬಿಟ್ಟಿತ್ತು. "ದಿನಾ ಕಂಡೋರ ಕೋಟು ಮಡಚಿಡ್ತೀಯ, ಒಂದು ಕೋಟು ಗುರುತು ಹಿಡಿಯೋಕೆ ಬರಲ್ವಾ ನಿಂಗೆ?"

"ಕೋಟು ಗೊತ್ತಿರೋದಕ್ಕೇ ಹೇಳ್ತಿದೀನಿ, ಅದು ಕೋಟಲ್ಲ."

ಮೂರು ಹಬ್ಬದೂಟ, ಒಂದು ನಾಮಕರಣ ಈ ಜಗಳಕ್ಕೆ ಬಲಿಯಾದವು. ಕೊನೆಗೆ ಅಕ್ಕ ಒಂದು ಸ್ಟುಡಿಯೋಗೆ ಹೋಗಿ, ಬಾಗಿಲ ಕತ್ತಲನ್ನು ಸ್ವಲ್ಪ ತಿಳಿ ಮಾಡಿಕೊಡಪ್ಪ ಅಂದಳು. ಸ್ಟುಡಿಯೋದವನು ತುಂಬ ಉಪಕಾರಿ ಮನುಷ್ಯ. "ಯಾರು ಬೇಕಿತ್ತು ಅಲ್ಲಿ? ಅಮ್ಮಾನಾ? ಬೇರೆ ಫೋಟೋ ಇದ್ರೆ ಕೊಡಿ, ಕತ್ತರಿಸಿ ನಿಲ್ಲಿಸಿಬಿಡ್ತೀನಿ. ಬಟ್ಟೆ ಯಾವ ಬಣ್ಣ ಇರಲಿ?" ಅಂದ. ಅಕ್ಕನ ಮೈ ಉರಿದುಹೋಯಿತು. ಬೇಕಾದವರನ್ನು ನಿಲ್ಲಿಸುವುದಲ್ಲ, ನಿಂತವರು ಯಾರು ಅಂತ ನೋಡುವುದು ತನಗೆ ಬೇಕಾದ್ದು. ಅದನ್ನು ತಾನೇ ಕಲಿಯುತ್ತೇನೆ ಅಂತ ಅದೇ ಸಂಜೆ ಸಂಸ್ಥೆಗೆ ಹೆಸರು ಕೊಟ್ಟಳು.

ಕಲಿಸುವ ಮೇಷ್ಟ್ರು ತೆಳ್ಳಗೆ, ಉತ್ಸಾಹದ ಬುಗ್ಗೆಯಂಥವರು. ಅವರೂ ವಿದ್ಯೆಯನ್ನು ದಪ್ಪ ಪುಸ್ತಕವೊಂದರಿಂದ ಕಲಿತಿದ್ದರೇ ಹೊರತು ಮೌಸ್ ಮುಟ್ಟಿದವರಲ್ಲ. ಅದರಿಂದ ಅವರ ನಂಬಿಕೆ ಇನ್ನೂ ಗಟ್ಟಿಯಾಗಿತ್ತು.

"ಕಂಪ್ಯೂಟರ್ ಇಲ್ಲ ಅಂತ ಯಾಕೆ ಕೊರಗ್ತೀರಿ?" ಅಂದರು ಮೊದಲ ದಿನ. "ಚಿತ್ರ ಅಂದ್ರೆ ಪಿಕ್ಸೆಲ್‌ಗಳು. ಪಿಕ್ಸೆಲ್ ಅಂದ್ರೆ ಒಂದು ಚೌಕ, ಅದಕ್ಕೊಂದು ನಂಬರು. ಪೂರ್ತಿ ಕಪ್ಪಿಗೆ ಸೊನ್ನೆ, ಪೂರ್ತಿ ಬಿಳುಪಿಗೆ ಇನ್ನೂರ ಐವತ್ತೈದು. ನೀವೇ ಪಿಕ್ಸೆಲ್ ಆಗಿ. ಎದ್ದು ನಿಲ್ಲಿ."

ಎಲ್ಲರೂ ಎದ್ದರು. ಅವರವರ ಅಂಗಿಯ ಬಣ್ಣ ನೋಡಿ ಕಪ್ಪಿನವರನ್ನು ಎಡಗಡೆಯ ಗೋಡೆಗೆ, ಬಿಳಿಯವರನ್ನು ಬಲಗಡೆಯ ಗೋಡೆಗೆ, ಉಳಿದವರನ್ನು ನಡುವೆ ನಿಲ್ಲಿಸಿದ್ದಾಯಿತು. ಇದಕ್ಕೆ ಹಿಸ್ಟೋಗ್ರಾಂ ಅನ್ನುತ್ತಾರೆ ಅಂದರು ಮೇಷ್ಟ್ರು. ನಿವೃತ್ತ ಜಡ್ಜ್ ಒಬ್ಬರು ಹಳೆಯ ಅಭ್ಯಾಸಬಲದಿಂದ ಕರಿಕೋಟಿನಲ್ಲೇ ಬಂದಿದ್ದರು. ತಮಗೆ ಸೊನ್ನೆ ಸಿಕ್ಕಿದ್ದು ನೋಡಿ ಅವರು ಮೇಲ್ಮನವಿ ಸಲ್ಲಿಸಿದರು.

"ಸರ್, ಸೊನ್ನೆ ಅಂದ್ರೆ ಅವಮಾನ ಅಲ್ಲ."

"ಯಾವ ಆಧಾರದ ಮೇಲೆ ಹೇಳ್ತೀರಿ?" ಅಂದರು ಜಡ್ಜ್. ಮೇಷ್ಟ್ರು ಸೋತು ಅವರಿಗೆ ಮೂರು ಕೊಟ್ಟರು.

ಹೀಗೆ ಶುರುವಾದ ವಿದ್ಯೆ ದಿನದಿಂದ ದಿನಕ್ಕೆ ರಂಗೇರಿತು. ಕಾಂಟ್ರಾಸ್ಟ್ ಹೆಚ್ಚಿಸಿ ಅಂದರೆ ಕಪ್ಪಿನವರು ಇನ್ನೂ ಎಡಕ್ಕೆ, ಬಿಳಿಯವರು ಇನ್ನೂ ಬಲಕ್ಕೆ ಸರಿಯಬೇಕು. ಗೋಡೆ ಮುಟ್ಟಿದವರು ಒಬ್ಬರ ಮೇಲೊಬ್ಬರು ಒತ್ತಿಕೊಂಡು ಉಸಿರು ಕಟ್ಟುವಾಗ ಮೇಷ್ಟ್ರು, "ನೋಡಿದ್ರಾ, ಈಗ ನೀವ್ಯಾರೂ ಬೇರೆ ಬೇರೆ ಅಲ್ಲ, ಎಲ್ಲ ಒಂದೇ ಕಪ್ಪು! ವಿವರ ಹೋಯ್ತು!" ಅಂತ ಸಂತೋಷದಿಂದ ಕೂಗುವರು. ಸ್ಯಾಚುರೇಶನ್ ಅಂದರೆ ಪ್ರತಿಯೊಬ್ಬರೂ ತಮ್ಮ ಅಂಗಿಯ ಬಣ್ಣವನ್ನು ಹೇಳುವುದು. ಹೆಚ್ಚಿಸಿದಷ್ಟೂ ಗಂಟಲು ಏರಬೇಕು, ಸೊನ್ನೆಗೆ ಇಳಿಸಿದರೆ ಎಲ್ಲರೂ ಗಪ್‌ಚಿಪ್. ಬ್ಲರ್ ಅಂದಾಗ ಅಕ್ಕಪಕ್ಕದವರ ಹೆಗಲ ಮೇಲೆ ಕೈ ಹಾಕಿ, ನಂಬರು ಕೂಡಿಸಿ ಸಮನಾಗಿ ಹಂಚಿಕೊಳ್ಳಬೇಕು. ಶಾರ್ಪನ್ ಅದರ ತದ್ವಿರುದ್ಧ. ಇಬ್ಬರು ನೆರೆಯವರ ನಡುವೆ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಅದನ್ನು ಇನ್ನೂ ದೊಡ್ಡದು ಮಾಡುವುದು, ಅಂದರೆ ಜಗಳ ಆಡುವುದು. ಜಡ್ಜ್ ಮತ್ತು ಬೂದುಬಣ್ಣದ ಅಂಗಿಯ ದರ್ಜಿ ಎಷ್ಟು ಚೆನ್ನಾಗಿ ಶಾರ್ಪನ್ ಮಾಡಿದರೆಂದರೆ ಆಮೇಲೆ ಒಂದು ವಾರ ಅವರಿಬ್ಬರಿಗೂ ಮಾತಿರಲಿಲ್ಲ.

ಮನೆಯಲ್ಲಿ ಗಂಡ, "ಏನು ಕಲಿತೆ ಇವತ್ತು?" ಅಂತ ಕೇಳಿದರೆ ಅಕ್ಕ, "ಗೋಡೆಗೆ ಒತ್ತಿಕೊಳ್ಳೋದು" ಅನ್ನುವಳು. ಲಿಫ್ಟಿನೊಳಗೆ ಸಿಕ್ಕಿಕೊಂಡವರನ್ನು ದಿನಾ ಸಮಾಧಾನ ಮಾಡಿ ಅಭ್ಯಾಸವಿದ್ದ ಆ ಪುಣ್ಯಾತ್ಮ, ಒಳ್ಳೇದಾಯ್ತು ಅನ್ನುವನು.

ಅಕ್ಕ ಕಾಯುತ್ತಿದ್ದದ್ದು ಮಾತ್ರ ಶ್ಯಾಡೋಸ್ ಅನ್ನುವ, ಕತ್ತಲನ್ನು ತಿಳಿ ಮಾಡುವ ಒಂದೇ ಪಾಠಕ್ಕೆ. ಅದು ಬಂದ ದಿನ ಅವಳು ಚೀಲದಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟು ತನ್ನ ಕಥೆಯನ್ನೆಲ್ಲ ಹೇಳಿಬಿಟ್ಟಳು. ಹೇಳುವಾಗ ಅಳು ಬಂತು, ಅಳುತ್ತಲೇ ಹೇಳಿದಳು. ಮೇಷ್ಟ್ರು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

"ಅಕ್ಕ, ನಮ್ಮ ಕಣ್ಣಿಗೆ ಎರಡು ಕಪ್ಪೂ ಒಂದೇ. ಆದ್ರೆ ಒಂದು ನಾಲ್ಕು, ಇನ್ನೊಂದು ಹದಿನಾಲ್ಕು ಇರಬಹುದು. ಹತ್ತರಿಂದ ಗುಣಿಸಿದ್ರೆ ನಲವತ್ತು, ನೂರ ನಲವತ್ತು. ಅಲ್ಲಿಗೆ ಕಾಣ್ತು! ಸೊನ್ನೆ ಇದ್ರೆ ಮಾತ್ರ ದೇವರೇ ಗತಿ. ಮೊದಲು ನಂಬರು ಬೇಕು."

ನಂಬರು ಬೇಕಾದರೆ ಗಾಜಿನ ಕೋಣೆಗೆ ಹೋಗಬೇಕು. ಪ್ರಾಂಶುಪಾಲರು ಹೌಹಾರಿದರು. ಉದ್ಘಾಟನೆಗೆ ಮುಂಚೆ ಚಿತ್ರ ತಿದ್ದುವುದೇ! ಆಗ ಜಡ್ಜ್ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ತಿದ್ದುವುದು ಬೇರೆ, ಓದುವುದು ಬೇರೆ, ಇರುವ ನಂಬರನ್ನು ಓದುವುದರಿಂದ ಕಂಪ್ಯೂಟರ್ ಬಳಕೆಯಾದಂತೆ ಆಗುವುದಿಲ್ಲ, ಗಡಿಯಾರ ನೋಡಿದರೆ ಅದರ ಮುಳ್ಳು ತಿರುಗಿಸಿದಂತೆ ಆಗುವುದಿಲ್ಲವಲ್ಲ ಹಾಗೆ, ಅಂತ ತೀರ್ಪು ಕೊಟ್ಟರು. ಪ್ರಾಂಶುಪಾಲರಿಗೆ ತೀರ್ಪು ಅಂದರೆ ಭಯ. ರಿಬ್ಬನ್ ಕತ್ತರಿಸದೆ ಕೆಳಗಿಂದ ಬಗ್ಗಿ ಹೋಗಬೇಕು, ಓದುವುದು ಬಿಟ್ಟು ಬೇರೇನೂ ಮುಟ್ಟಬಾರದು ಅನ್ನುವ ಷರತ್ತಿನ ಮೇಲೆ ಬೀಗ ತೆರೆದರು.

ಮೇಷ್ಟ್ರು ಮೊಣಕಾಲೂರಿ ಒಳಗೆ ಹೋದರು. ಫೋಟೋವನ್ನು ಸ್ಕ್ಯಾನರಿನ ಮೇಲೆ ಇಟ್ಟು ಮೌಸ್ ಹಿಡಿದರು. ಅವರ ಜೀವಮಾನದ ಮೊದಲ ಮೌಸ್ ಅದು. ಬಾಗಿಲ ಕತ್ತಲನ್ನು ಅಡ್ಡ ಹನ್ನೆರಡು, ಉದ್ದ ಹನ್ನೆರಡು ಚೌಕ ಅಂತ ಲೆಕ್ಕ ಹಾಕಿಕೊಂಡು, ಒಂದೊಂದರ ಮೇಲೂ ಬಾಣ ಇಟ್ಟು ನಂಬರು ಓದಿ ಹೇಳಿದರು. ಗಾಜಿನ ಹೊರಗೆ ನಿಂತು ದರ್ಜಿ ಬರೆದುಕೊಂಡ. ಪರದೆಯ ಮೇಲೆ ಅಲ್ಲೇ ಪಕ್ಕದಲ್ಲಿ 'ಶ್ಯಾಡೋಸ್' ಅನ್ನುವ ಪಟ್ಟಿ ಇತ್ತು. ಅದನ್ನು ಬೆರಳಗಲ ಎಳೆದಿದ್ದರೆ ಕೆಲಸ ಮುಗಿಯುತ್ತಿತ್ತು. ಯಾರಿಗೂ ಹಾಗೆ ಅನ್ನಿಸಲಿಲ್ಲ. ಅನ್ನಿಸಿದರೂ ಪ್ರಾಂಶುಪಾಲರು ಬೀಗದ ಕೈ ಹಿಡಿದು ಹಿಂದೆಯೇ ನಿಂತಿದ್ದರು.

ಇನ್ನು ನೂರ ನಲವತ್ತನಾಲ್ಕು ಜನ ಬೇಕಾದರು. ಟೈಪಿಂಗ್ ತರಗತಿಯವರು, ಹೊಲಿಗೆ ತರಗತಿಯವರು, ಕಾರು ಕಲಿಯುವವರು, ಬಸ್ ನಿಲ್ದಾಣದ ಕಂಡಕ್ಟರುಗಳು, ಹಲ್ಲಿನ ಸೆಟ್ಟು ವಾಪಸ್ ಪಡೆದಿದ್ದ ಇಬ್ಬರು ಅಜ್ಜಂದಿರು, ಹೀಗೆ ಒಟ್ಟು ಮಾಡಿದರು. ಒಬ್ಬೊಬ್ಬರಿಗೂ ಒಂದು ರಟ್ಟಿನ ಹಲಗೆ. ಒಂದು ಮುಖಕ್ಕೆ ಈಗಿರುವ ಕಪ್ಪು, ಇನ್ನೊಂದು ಮುಖಕ್ಕೆ ಹತ್ತರಿಂದ ಗುಣಿಸಿದ ಬಣ್ಣ. ಆದರೂ ಒಬ್ಬರು ಕಡಿಮೆ ಬಿದ್ದರು. ಅಕ್ಕ ಹಲ್ಲು ಕಚ್ಚಿಕೊಂಡು ತಮ್ಮನ ಅಂಗಡಿಗೆ ಹೋದಳು.

"ಕೋಟು ಅಂತ ಸಾಬೀತಾಗೋದಾದ್ರೆ ಬರ್ತೀನಿ" ಅಂದ ತಮ್ಮ.

ಹಲಗೆಗಳಿಗೆ ಬಣ್ಣ ಹಚ್ಚುವ ಸಂಜೆ ಇಬ್ಬರೂ ಅಂಗಳದ ಮೂಲೆಯಲ್ಲಿ ಅಕ್ಕಪಕ್ಕ ಕೂತಿದ್ದರು. ಬಿಳಿ ಡಬ್ಬಿ ಅಕ್ಕನ ಹತ್ತಿರ, ಕರಿ ಡಬ್ಬಿ ತಮ್ಮನ ಹತ್ತಿರ. ಕುಂಚ ತಿರುಗಿಸುತ್ತಾ ತಮ್ಮ ಇದ್ದಕ್ಕಿದ್ದಂತೆ, "ಅವತ್ತು ನಾನು ಅಂಗಿ ಇಸ್ತ್ರಿ ಮಾಡಿಟ್ಟಿದ್ದೆ ಗೊತ್ತಾ?" ಅಂದ.

"ಯಾವತ್ತು?"

"ನಿನ್ನ ಮದುವೆ ದಿನ. ನೀಲಿ ಅಂಗಿ. ಹೊರಟು ನಿಂತಿದ್ದೆ. ಅಮ್ಮ ಕೈ ಹಿಡ್ಕೊಂಡು, 'ನೀನೂ ಹೋದ್ರೆ ನಂಗ್ಯಾರು' ಅಂದಳು. ಆಮೇಲೆ ಹೋಗಿ ಬಾಗಿಲು ಹಾಕ್ಕೊಂಡಳು. ಏನಾದ್ರೂ ಮಾಡ್ಕೊಂಡುಬಿಟ್ರೆ ಅಂತ ನಾನು ಹೊರಗೇ ಕೂತೆ. ಸಂಜೆ ತನಕ ಕೂತೆ. ಆ ಅಂಗಿ ಹಾಕ್ಕೊಂಡೇ."

ಅಕ್ಕನ ಕೈ ನಿಂತಿತು. ಇಷ್ಟು ವರ್ಷ ಅವನು ಅಮ್ಮನ ಪಕ್ಷ ವಹಿಸಿ ಬರಲಿಲ್ಲ ಅಂದುಕೊಂಡಿದ್ದಳು. ಅಂದುಕೊಂಡಿದ್ದಷ್ಟೇ ಅಲ್ಲ, ಜಗಳ ಬಂದಾಗಲೆಲ್ಲ ಎತ್ತಿ ಆಡಿದ್ದಳು.

"ಆ ಕೋಣೆ ಕಿಟಕಿಗೆ ಸರಳು ಇರಲಿಲ್ಲ ಅಕ್ಕ. ದಾಟೋದು ದೊಡ್ಡ ಮಾತಲ್ಲ" ಅಂದ ತಮ್ಮ, ಹಲಗೆಯಿಂದ ಕಣ್ಣು ಎತ್ತದೆ. "ಅವಳು ಹಂಗೆ ಹೋಗಿದ್ರೆ, ನಾನು ಖಾಲಿ ಕೋಣೆ ಕಾದೆ ಅಂತಾಯ್ತು. ನಿನ್ನ ಮದುವೆಗೆ ಎಲ್ಲರೂ ಬಂದಿದ್ರು, ನಾನೊಬ್ಬನೇ ಬರಲಿಲ್ಲ ಅಂತಾಯ್ತು. ಅದು ಕೋಟೇ ಆಗಿರಬೇಕು."

ಅಕ್ಕ ಅವನ ಹಲಗೆಯನ್ನು ತನ್ನ ಕಡೆ ಎಳೆದುಕೊಂಡು ನೋಡಿದಳು. "ಬಣ್ಣ ತೆಳು ಆಯ್ತು, ಇನ್ನೊಂದು ಸಲ ಹಚ್ಚು" ಅಂದಳು.

ಮರುದಿನ ಬೆಳಿಗ್ಗೆ ಸಂಸ್ಥೆಯ ಅಂಗಳ ತುಂಬಿತು. ಮೇಷ್ಟ್ರು ಸುಣ್ಣದಲ್ಲಿ ಚೌಕ ಎಳೆದಿದ್ದರು. ನಂಬರು ನೋಡಿ ನೋಡಿ ಒಬ್ಬೊಬ್ಬರನ್ನೇ ನಿಲ್ಲಿಸಿದರು. ಅಕ್ಕನ ಗಂಡ ಕೆಳಗಿನ ಸಾಲಿನ ತುದಿಗೆ ಹೋದ. ಜಡ್ಜ್‌ಗೆ ಈ ಸಲ ನಿಜಕ್ಕೂ ಸೊನ್ನೆಯೇ ಬಂದಿತ್ತು. ಸಾರ್ವಜನಿಕ ಹಿತಾಸಕ್ತಿಯಿಂದ ಒಪ್ಪಿಕೊಂಡರು. ತಮ್ಮನನ್ನು ಮೇಷ್ಟ್ರು ಮೇಲಿನಿಂದ ಮೂರನೆಯ ಸಾಲಿನ ನಡುವಿಗೆ ಕರೆದುಕೊಂಡು ಹೋಗಿ, "ನಿಮ್ಮದು ಹದಿನಾಲ್ಕು, ತಿರುಗಿಸಿದ್ರೆ ನೂರ ನಲವತ್ತು. ಕದಲಬೇಡಿ" ಅಂದರು.

ಚಿತ್ರ ಕಾಣಬೇಕಾದರೆ ಮೇಲಿನಿಂದಲೇ ನೋಡಬೇಕು. ಮಾಳಿಗೆ ಹಳೆಯದು, ಒಬ್ಬರಿಗಿಂತ ಹೆಚ್ಚು ಜನ ಹತ್ತುವಂತಿಲ್ಲ ಅಂದರು ಪ್ರಾಂಶುಪಾಲರು. ಕ್ಯಾಮೆರಾ ಯಾರ ಬಳಿಯೂ ಇರಲಿಲ್ಲ. ಫೋಟೋ ಸಂಸ್ಥೆ ನೋಡಿ, ಕ್ಯಾಮೆರಾ ಕೂಡ ಉದ್ಘಾಟನೆಗೆ ಕಾಯುತ್ತಿತ್ತು. ಅಕ್ಕ ಒಬ್ಬಳೇ ಏಣಿ ಹತ್ತಿದಳು.

ಮೇಲಿನಿಂದ ನೋಡಿದರೆ ಕೆಳಗೆ ಒಂದು ದೊಡ್ಡ ಕರಿ ಚೌಕ. ನೂರ ನಲವತ್ತನಾಲ್ಕು ಕೈಜೋಡಿಗಳು ತಲೆಯ ಮೇಲೆ ಎತ್ತಿ ಹಿಡಿದ ಕತ್ತಲು. ಅದರಲ್ಲಿ ಏನೂ ಇರಲಿಲ್ಲ. ಒಬ್ಬ ಅಜ್ಜ ಸೀನಿದಾಗ ಕತ್ತಲಿನ ಒಂದು ತುಂಡು ಅಲ್ಲಾಡಿ ಮತ್ತೆ ಸರಿಹೋಯಿತು.

"ಶ್ಯಾಡೋಸ್!" ಅಂತ ಕೂಗಿದರು ಮೇಷ್ಟ್ರು. "ಮೇಲಕ್ಕೆ!"

ಹಲಗೆಗಳು ಒಂದೇ ಸಲ ತಿರುಗಿದವು. ಚಟಪಟ ಸದ್ದಾಯಿತು.

ಅಕ್ಕ ಮೊದಲು ಬರೀ ಚೌಕಗಳನ್ನು ಕಂಡಳು, ತಿಳಿ ಬೂದು, ಮಸಿ ಬೂದು, ಅಲ್ಲೊಂದು ಇಲ್ಲೊಂದು ಪೂರ್ತಿ ಕಪ್ಪು. ಮೇಷ್ಟ್ರು ಹೇಳಿಕೊಟ್ಟಿದ್ದಂತೆ ಕಣ್ಣನ್ನು ಅರ್ಧ ಮುಚ್ಚಿದಳು. ಚೌಕಗಳ ಅಂಚು ಕರಗಿತು. ಬಾಗಿಲ ಚೌಕಟ್ಟು ಬಂತು. ಅದಕ್ಕೆ ಒರಗಿದ ಹೆಗಲು ಬಂತು. ಹೆಗಲಿನಿಂದ ಒಂದು ತೋಳು ಮಡಚಿ ಮೇಲೆ ಹೋಗಿತ್ತು, ಅಂಗೈ ಬಾಯಿಯ ಮೇಲೆ. ಅಮ್ಮ ಅಳು ತಡೆಯುವುದು ಹಾಗೆಯೇ, ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದು, ಶಬ್ದ ಹೊರಗೆ ಬಿಡದೆ. ಅಪ್ಪ ಹೋದಾಗಲೂ ಹಾಗೆಯೇ ನಿಂತಿದ್ದಳು. ಕೋಟಿಗೆ ಬಾಯಿ ಇರುವುದಿಲ್ಲ. ಆ ಅಂಗೈಯ ಮೇಲೆ, ಸುತ್ತಲ ಬೂದುಬಣ್ಣದ ನಡುವೆ, ಒಂದೇ ಒಂದು ತಿಳಿಯಾದ ಚೌಕ. ಅಮ್ಮನ ಮುಖ. ಅದನ್ನು ಎತ್ತಿ ಹಿಡಿದಿದ್ದವನು ತಮ್ಮ.

ಅಕ್ಕ ಮಾಳಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಂದಿದ್ದಳು. ಬಂದು, ಒಳಗೆ ಬರದೆ, ನಿಂತು, ಅತ್ತು ಹೋಗಿದ್ದಳು. ಅಕ್ಕನಿಗೆ ಅಲ್ಲಿಂದಲೇ ಅಮ್ಮಾ ಅಂತ ಕೂಗಬೇಕು ಅನ್ನಿಸಿತು. ಅಷ್ಟು ಸಂತೋಷ ಅವಳಿಗೆ ತನ್ನ ಮದುವೆಯ ದಿನವೂ ಆಗಿರಲಿಲ್ಲ.

ಕೆಳಗೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಅವರ ಪಾಲಿಗೆ ಇದ್ದದ್ದು ತಲೆಯ ಮೇಲೊಂದು ರಟ್ಟು, ಕಂಕುಳಲ್ಲಿ ನೋವು.

"ಅಕ್ಕಾ, ಏನು ಕಾಣ್ತು?" ಅಂದರು ಮೇಷ್ಟ್ರು.

"ಬೇಗ ಹೇಳಿ, ತೋಳು ಬಿದ್ದುಹೋಗ್ತಿದೆ" ಅಂದ ದರ್ಜಿ.

"ನ್ಯಾಯಪೀಠ ಕಾಯ್ತಾ ಇದೆ" ಅಂದರು ಜಡ್ಜ್.

ತಮ್ಮ ಕೂಗಲಿಲ್ಲ. ಹಲಗೆಯನ್ನು ಒಂದಿಷ್ಟೂ ಓರೆ ಮಾಡದೆ, ಅದರ ಅಂಚಿನಿಂದ ಕತ್ತು ಹೊರಗೆ ಹಾಕಿ ಅಕ್ಕನನ್ನೇ ನೋಡುತ್ತಿದ್ದ. ಬಿಸಿಲಿಗೆ ಕಣ್ಣು ಚಿಕ್ಕವಾಗಿದ್ದವು. ಅವನ ತೋಳು ಉಳಿದೆಲ್ಲರ ತೋಳಿಗಿಂತ ನೆಟ್ಟಗಿತ್ತು. ನೀಲಿ ಅಂಗಿ ತೊಟ್ಟ ಹುಡುಗನೊಬ್ಬ ಖಾಲಿ ಕೋಣೆಯ ಮುಂದೆ ಸಂಜೆಯ ತನಕ ಕೂತದ್ದು ಅಕ್ಕನ ಕಣ್ಣಿಗೆ ಆ ಎತ್ತರದಿಂದ ಚೆನ್ನಾಗಿ ಕಂಡಿತು.

"ಕೋಟು!" ಅಂತ ಕೂಗಿದಳು ಅಕ್ಕ.

ಅಂಗಳದಲ್ಲಿ ಒಂದು ನಿಟ್ಟುಸಿರು ಎದ್ದಿತು. ಪಾಪ ಅಂದರು ಕೆಲವರು. ಮೇಷ್ಟ್ರ ಮುಖ ಬಾಡಿತು. ಅವಳ ಗಂಡ ಕೆಳಗಿನ ಸಾಲಿನಿಂದ ಅವಳನ್ನು ಒಂದು ಕ್ಷಣ ನೋಡಿ, ತಲೆ ತಗ್ಗಿಸಿಕೊಂಡ.

"ಸರಿಯಾಗಿ ನೋಡಿದ್ಯಾ?" ಅಂದ ತಮ್ಮ.

"ನೋಡಿದೆ ಕಣೋ. ನೀನೇ ಸರಿ. ಗೂಟಕ್ಕೆ ಹಾಕಿದ ಕೋಟು."

"ಹಾಗಾದ್ರೆ ನನ್ನ ಹಲಗೆ ಒಂದೇ ಯಾಕೆ ಇಷ್ಟು ಬೆಳ್ಳಗಿದೆ? ಏನಿದು?"

ಅಕ್ಕ ಮತ್ತೊಮ್ಮೆ ಕಣ್ಣು ಅರ್ಧ ಮುಚ್ಚಿ ಆ ಮುಖವನ್ನು ನೋಡಿದಳು. ಸಾಕು ಅನ್ನುವಷ್ಟು ಹೊತ್ತು ನೋಡಿದಳು.

"ಗುಂಡಿ," ಅಂದಳು. "ಕೋಟಿನ ಗುಂಡಿ ಅದು. ಕೈ ಇಳಿಸು, ನೋಯುತ್ತೆ."